ಕಡಲಾಚೆಯ ವಿಶ್ವವಿದ್ಯಾನಿಲಯಗಳೂ ನಮ್ಮ ಹುಡುಗರ “ಛಾನ್ಸೂ”

ಯುಗಾದಿಯ ಆಸುಪಾಸಿನಲ್ಲಿ, ಎಂದರೆ ಮಾರ್ಚಿ ತಿಂಗಳ ಕಡೆಯ ದಿನಗಳಲ್ಲಿ, ಅಮೆರಿಕಾ ದೇಶದ ಹೆಸರಾಂತ ವಿಶ್ವವಿದ್ಯಾನಿಲಯಗಳು ತಮ್ಮ ಪ್ರವೇಶ ನಿರ್ಣಯಗಳನ್ನು ಪ್ರಕಟಿಸುವುದು ವಾಡಿಕೆಯಾಗಿರುತ್ತದೆ. ಈ ಸುದ್ದಿಗಾಗಿ ಹಿಂದೆ ಕಾದಿರುತ್ತಿದ್ದವರು ಮುಂಬಯಿ, ದಿಲ್ಲಿಗಳ ಕೆಲವೇ ಸಿರಿವಂತ ಮನೆತನದವರು. ಈಗ ದಾವಣಗೆರೆಯ ವರ್ತಕರ ಮನೆಯಲ್ಲಿಯೂ, ಹಾಸನದ ಅಧ್ಯಾಪಕರ ಮನೆಯಲ್ಲಿಯೂ, ಧಾರವಾಡದ ವಕೀಲರ ಮನೆಯಲ್ಲಿಯೂ ಹಾರ್ವರ್ಡು, ಯೇಲು, ಪ್ರಿನ್ಸ್‌ಟನ್ನುಗಳ ಹೆಸರು ಮನೆಮಾತಾಗಿದೆ. ಹುಡುಗನು ಹೈಸ್ಕೂಲು ಮುಗಿಸುವ ಮುನ್ನವೇ ತಂದೆತಾಯಿಗಳು ಕೇಳತೊಡಗುವ ಪ್ರಶ್ನೆ ಒಂದೇ: “ನಮ್ಮವನಿಗೆ ಛಾನ್ಸು ಎಷ್ಟು?” ಹುಡುಗನೆಂದು ಬರೆದಿದ್ದೇವೆ, ಹುಡುಗಿಯರೂ ಅಷ್ಟೇ ಉತ್ಸಾಹದಿಂದ ಹೊರಟಿರುವುದರಿಂದ ವಾಚಕ ಮಹಾಶಯರು ಮುಂದಿನ ಮಾತುಗಳನ್ನೆಲ್ಲ ಇಬ್ಬರಿಗೂ ಅನ್ವಯಿಸಿಕೊಂಡು ಓದಬೇಕೆಂದು ಪ್ರಾರ್ಥನೆ.

ಪ್ರಶ್ನೆ ನ್ಯಾಯವಾದದ್ದು. ಮನೆಯನ್ನೋ ಜಮೀನನ್ನೋ ಬ್ಯಾಂಕಿಗೆ ಬರೆದುಕೊಡುವ ಮುನ್ನ ಫಲದ ಸಾಧ್ಯಾಸಾಧ್ಯತೆಗಳನ್ನು ತೂಗಿ ನೋಡುವುದು ಗೃಹಸ್ಥನ ಕರ್ತವ್ಯ. ಆದರೆ ತೂಗುವ ತಕ್ಕಡಿ ಯಾವುದು ಎಂಬಲ್ಲಿಯೇ ನಮ್ಮವರು ಎಡವುತ್ತಿದ್ದಾರೆಂದು ನಮ್ಮ ಅಭಿಪ್ರಾಯ. ಮಾರ್ಕಿನ ಪಟ್ಟಿಯನ್ನು ಮುಂದಿಟ್ಟುಕೊಂಡು ಲೆಕ್ಕ ಮೊದಲುಮಾಡುತ್ತಾರೆ. ಹಣದ ಮಾತಿಗೆ ಎಲ್ಲಕ್ಕಿಂತ ಕಡೆಯಲ್ಲಿ ಬರುತ್ತಾರೆ. ವಿದೇಶೀಯ ವಿದ್ಯಾರ್ಥಿಯ ವಿಷಯದಲ್ಲಿ ಈ ಕ್ರಮವನ್ನು ತಲೆಕೆಳಗು ಮಾಡದೆ ಯಾವ ಅಂದಾಜೂ ಸರಿಯಾಗದು.

ಈ ಪ್ರಮಾದಕ್ಕೆ ನಮ್ಮ ನಾಡಿನ ಅಭ್ಯಾಸವೇ ಕಾರಣ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು ನಡೆಸುವ ಸಿ.ಇ.ಟಿ.ಯಲ್ಲಿ ಹುಡುಗನಿಗೆ ಒಂದು ರ‍್ಯಾಂಕು ದೊರೆಯುತ್ತದೆ. ಹಿಂದಿನ ವರ್ಷ ಯಾವ ಕಾಲೇಜಿನ ಯಾವ ಶಾಖೆಯಲ್ಲಿ ಎಷ್ಟನೆಯ ರ‍್ಯಾಂಕಿನವರೆಗೆ ಸೀಟು ಹೋಯಿತೆಂಬ ಪಟ್ಟಿಯೂ ಸಿಕ್ಕುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ, ಸಿಕ್ಕೀತೇ ಸಿಕ್ಕದೇ ಎಂಬುದನ್ನು ಓದುಬರಹ ಬಲ್ಲ ಯಾರಾದರೂ ಹೇಳಬಹುದು. ಐ.ಐ.ಟಿ.ಗಳ ಪದ್ಧತಿಯೂ ಇದೇ ಜಾತಿಯದು. ಇದು ಸರತಿಯ ಸಾಲು. ಮುಂದೆ ನಿಂತವನಿಗೆ ಮೊದಲು, ಹಿಂದೆ ನಿಂತವನಿಗೆ ಆಮೇಲೆ. ಇದರ ಗುಣದೋಷಗಳು ಬೇರೆ ಚರ್ಚೆಯ ಮಾತು. ಅಮೆರಿಕಾದ ಆಯ್ದ ವಿಶ್ವವಿದ್ಯಾನಿಲಯಗಳಲ್ಲಿಯಾದರೋ ಸಾಲೆಂಬುದೇ ಇಲ್ಲ. ಅಲ್ಲಿ ಒಂದು ಸಮಿತಿಯು ಕುಳಿತು ಮುಂದಿನ ವರ್ಷದ ತರಗತಿಯನ್ನು ಕಟ್ಟುತ್ತದೆ. ನಮ್ಮ ಕಂಪೆನಿ ನಾಟಕದ ಯಜಮಾನರು ಮಂಡಳಿಯನ್ನು ಕಟ್ಟುತ್ತಿದ್ದ ರೀತಿಯನ್ನು ಹಿರಿಯ ವಾಚಕರು ನೆನೆದುಕೊಂಡರೆ ಇದು ಚೆನ್ನಾಗಿ ತಿಳಿಯುತ್ತದೆ. ಹಾಡುವವರು ಹತ್ತು ಮಂದಿ ಬಂದರೂ ರಾಜಪಾರ್ಟಿಗೆ ಬೇಕಾದವನು ಒಬ್ಬನೇ. ತಬಲದವನೊಬ್ಬ ಬೇಕು, ಹಾಸ್ಯಗಾರನೊಬ್ಬ ಬೇಕು, ಪರದೆ ಬರೆಯುವವನೊಬ್ಬ ಬೇಕು. ಹಿಂದಿರುಗಿ ಹೋದ ಒಂಬತ್ತು ಗಾಯಕರು ಕಂಠವಿಲ್ಲದವರೆಂದು ಯಾರೂ ಹೇಳಲಾರರು.

ಆದಕಾರಣ ಮಾರ್ಕಿನ ಬಲವನ್ನು ಅದರ ಯಥಾಸ್ಥಾನದಲ್ಲಿಡಬೇಕು. ಹಾರ್ವರ್ಡಿನ ಮೇಲೆ ಹೂಡಲಾಗಿದ್ದ ಪ್ರಸಿದ್ಧ ವ್ಯಾಜ್ಯದ ವಿಚಾರಣೆಯು 2018ರಲ್ಲಿ ಬೋಸ್ಟನ್ ನಗರದ ಕೋರ್ಟಿನಲ್ಲಿ ನಡೆದಾಗ, ಅದುವರೆಗೆ ಗುಪ್ತವಾಗಿದ್ದ ಅನೇಕ ಸಂಗತಿಗಳು ಬೆಳಕಿಗೆ ಬಂದವು. ಒಂದು ವರ್ಷದಲ್ಲಿ ಅರ್ಜಿ ಹಾಕಿದ ಸ್ವದೇಶೀಯ ಅಭ್ಯರ್ಥಿಗಳಲ್ಲಿಯೇ, ಸ್ಯಾಟ್ ಪರೀಕ್ಷೆಯ ಗಣಿತದಲ್ಲಿ ಪೂರ್ಣಾಂಕ ಪಡೆದಿದ್ದವರು ಮೂರು ಸಾವಿರಕ್ಕೂ ಮಿಕ್ಕಿದ್ದರು. ವಿಶ್ವವಿದ್ಯಾನಿಲಯವು ಕೊಡುವ ಆಹ್ವಾನಗಳು ಒಟ್ಟು ಎರಡು ಸಾವಿರದಷ್ಟು. ಅಭ್ಯರ್ಥಿಯ ವಿದ್ಯೆಗೆ, ಪಠ್ಯೇತರ ಸಾಧನೆಗೆ, ಆಟಪಾಟಗಳಿಗೆ, ವ್ಯಕ್ತಿತ್ವಕ್ಕೆ ಬೇರೆಬೇರೆಯಾಗಿ 1ರಿಂದ 6ರವರೆಗೆ ಅಂಕೆ ಕೊಟ್ಟು, 1ನ್ನು ಉತ್ತಮೋತ್ತಮವೆಂದು ಎಣಿಸುವ ಪದ್ಧತಿಯೂ ಆಗಲೇ ಲೋಕಕ್ಕೆ ತಿಳಿಯಿತು. ಏಷ್ಯಾ ಮೂಲದ ವಿದ್ಯಾರ್ಥಿಗಳಿಗೆ ವ್ಯಕ್ತಿತ್ವದ ಅಂಕೆ ಕೆಳಗೆ ಬೀಳುತ್ತಿತ್ತೆಂಬುದು ವಾದಿಗಳ ಮುಖ್ಯ ಆರೋಪಗಳಲ್ಲೊಂದು. 2023ರ ಜೂನ್ 29ರಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸಕೂಡದೆಂದು ತೀರ್ಪು ಕೊಟ್ಟಿತು. ಆ ತೀರ್ಪಿನಿಂದ ಭಾರತೀಯ ಹುಡುಗರಿಗೆ ಹೆಬ್ಬಾಗಿಲು ತೆರೆಯಿತೆಂದು ಕೆಲವರು ಹಿಗ್ಗಿದರು. ಅಮೆರಿಕಾದಲ್ಲಿ ಹುಟ್ಟಿಬೆಳೆದ ಭಾರತೀಯರ ಮಕ್ಕಳಿಗೆ ಅದು ಸಂಬಂಧಿಸಿರಬಹುದು. ಇಲ್ಲಿಂದ ಹೊರಡುವ ಹುಡುಗನ ಲೆಕ್ಕವೇ ಬೇರೆ.

ಇನ್ನು ಅಚ್ಚಾಗಿ ಬರುವ ಶೇಕಡಾವಾರು ಅಂಕಿಗಳ ವಿಚಾರ. 2023ರಲ್ಲಿ ಹಾರ್ವರ್ಡಿಗೆ 56,937 ಅರ್ಜಿಗಳು ಬಂದವು. ಆಹ್ವಾನ ದೊರೆತದ್ದು ಎರಡು ಸಾವಿರಕ್ಕೂ ಕಡಮೆ ಮಂದಿಗೆ. ಎಂದರೆ ನೂರಕ್ಕೆ ಸುಮಾರು ಮೂರೂವರೆ. “ಹಾಗಾದರೆ ನಮ್ಮವನ ಛಾನ್ಸು ನೂರಕ್ಕೆ ಮೂರೂವರೆ” ಎಂದು ತಂದೆಯು ಬರೆದುಕೊಳ್ಳುತ್ತಾನೆ. ತರ್ಕಶಾಸ್ತ್ರ ಓದಿದವರು ಇದನ್ನು ಹೇತ್ವಾಭಾಸವೆನ್ನುವರು. ಮದುವೆಯ ಮನೆಯಲ್ಲಿ ನೂರು ಎಲೆ ಹಾಕಿದ್ದಾರೆಂದು ಭಾವಿಸೋಣ. ಬೀಗರಿಗೆ, ಪುರೋಹಿತರಿಗೆ, ಮನೆಯ ಅಳಿಯಂದಿರಿಗೆ ಎಲೆಗಳು ಮೊದಲೇ ಗೊತ್ತಾಗಿರುತ್ತವೆ. ಉಳಿದ ಎಲೆಗಳೆಷ್ಟು, ಬಾಗಿಲಲ್ಲಿ ನಿಂತ ಊರಿನವರೆಷ್ಟು ಎಂದು ನೋಡಿದ ಮೇಲಲ್ಲವೇ ಊರಿನವನೊಬ್ಬನು ಮೊದಲ ಪಂಕ್ತಿಯಲ್ಲಿ ಕೂರುವ ಸಂಭವವನ್ನು ಹೇಳಬೇಕಾದದ್ದು? ಹಾರ್ವರ್ಡಿನಲ್ಲಿ ಆಟಗಾರರೆಂದು ಮೊದಲೇ ಆರಿಸಿಕೊಂಡವರು, ಅಲ್ಲಿಯೇ ಓದಿದವರ ಮಕ್ಕಳು, ಅಲ್ಲಿನ ಅಧ್ಯಾಪಕ ನೌಕರರ ಮಕ್ಕಳು, ಮತ್ತು ದಾನಿಗಳ ಬಂಧುಗಳು ಮೊದಲಾಗಿ ಮುಖ್ಯಾಧಿಕಾರಿಯ ವಿಶೇಷ ಪಟ್ಟಿಯಲ್ಲಿರುವವರು, ಈ ನಾಲ್ಕು ವರ್ಗದವರು ಅರ್ಜಿದಾರರಲ್ಲಿ ನೂರಕ್ಕೆ ಐದರಷ್ಟೇ ಇದ್ದರೂ ಆಯ್ಕೆಯಾದವರಲ್ಲಿ ನೂರಕ್ಕೆ ಮೂವತ್ತರಷ್ಟಿದ್ದರೆಂಬುದು ಆ ವ್ಯಾಜ್ಯದ ದಾಖಲೆಗಳಿಂದ ಗೊತ್ತಾಗಿದೆ. ಹಾಸನದ ಅಧ್ಯಾಪಕರ ಮಗನು ಈ ನಾಲ್ಕರಲ್ಲಿ ಯಾವುದಕ್ಕೂ ಸೇರಿದವನಲ್ಲವಷ್ಟೆ.

ವಿದೇಶೀಯರ ಲೆಕ್ಕವನ್ನು ಬೇರೆಯಾಗಿ ಪ್ರಕಟಿಸುವ ಪ್ರಾಮಾಣಿಕತೆಯನ್ನು ತೋರಿಸುವ ಸಂಸ್ಥೆಗಳು ವಿರಳ, ಅವುಗಳಲ್ಲಿ ಎಂ.ಐ.ಟಿ. ಒಂದು. ಅಲ್ಲಿ ಒಟ್ಟಾರೆ ನೂರಕ್ಕೆ ನಾಲ್ಕೈದು ಮಂದಿಗೆ ಪ್ರವೇಶ ದೊರೆತರೆ, ಪರದೇಶಗಳ ಅರ್ಜಿದಾರರಿಗೆ ದೊರೆಯುವುದು ನೂರಕ್ಕೆ ಸುಮಾರು ಎರಡೇ. ಸಂಖ್ಯೆಯಲ್ಲಿ ಹೇಳುವುದಾದರೆ, ಅಮೆರಿಕಾದ ಹೊರಗಿನ ಸಮಸ್ತ ಪ್ರಪಂಚಕ್ಕೂ ವರ್ಷಕ್ಕೆ ನೂರೈವತ್ತರ ಆಸುಪಾಸು. ಗಣಿತದ ಒಲಿಂಪಿಯಾಡುಗಳಲ್ಲಿ ತಮ್ಮ ತಮ್ಮ ದೇಶಗಳ ಪರವಾಗಿ ಗೆದ್ದು ಬಂದ ಹುಡುಗರು ಈ ನೂರೈವತ್ತರಲ್ಲಿ ತಮ್ಮ ಪಾಲನ್ನು ಕೇಳಲು ನಿಂತಿರುತ್ತಾರೆಂಬುದನ್ನು ಮರೆಯಬಾರದು.

ಇನ್ನೆರಡು ಭ್ರಮೆಗಳನ್ನೂ ಇಲ್ಲಿಯೇ ಪರಿಹರಿಸಿಬಿಡುವೆವು. ನವೆಂಬರಿನಲ್ಲಿಯೇ ಮುಂಗಡವಾಗಿ ಅರ್ಜಿ ಹಾಕಿದರೆ ಛಾನ್ಸು ಇಮ್ಮಡಿಯೆಂದು ಹೇಳುವವರಿದ್ದಾರೆ. 2023ರ ಡಿಸೆಂಬರಿನಲ್ಲಿ ಹಾರ್ವರ್ಡು ಇಂಥ 7,921 ಅರ್ಜಿಗಳಲ್ಲಿ 692ನ್ನು ಅಂಗೀಕರಿಸಿದ್ದು ನಿಜ. ಅದು ನೂರಕ್ಕೆ ಒಂಬತ್ತರ ಹತ್ತಿರ. ಆದರೆ ಮೇಲೆ ಹೇಳಿದ ಆಟಗಾರರೂ ಹಳೆಯ ವಿದ್ಯಾರ್ಥಿಗಳ ಮಕ್ಕಳೂ ಹೆಚ್ಚಾಗಿ ಬರುವುದು ಈ ಮುಂಗಡದ ಗುಂಪಿನಲ್ಲಿಯೇ. ಬೀಗರು ಮೊದಲೇ ಬಂದು ಕೂತರೆಂಬ ಕಾರಣದಿಂದ, ಬೇಗ ಬಂದವರಿಗೆಲ್ಲ ಎಲೆ ಸಿಕ್ಕುತ್ತದೆಂದು ಎಣಿಸಬಾರದು. ಎರಡನೆಯ ಭ್ರಮೆ, ಇಪ್ಪತ್ತು ಕಡೆ ಅರ್ಜಿ ಹಾಕಿದರೆ ಒಂದಾದರೂ ಸಿಕ್ಕೀತೆಂಬುದು. “ಕಾಮನ್ ಅಪ್ಲಿಕೇಷನ್” ಎಂಬ ಏಕರೂಪದ ಅರ್ಜಿಯಿಂದ ಇಪ್ಪತ್ತು ಕಾಲೇಜುಗಳವರೆಗೆ ಒಮ್ಮೆಗೇ ಅರ್ಜಿ ಹಾಕಬಹುದು. ಇಪ್ಪತ್ತು ಕಡೆಗೂ ಹೋಗುವುದು ಅದೇ ಮಾರ್ಕು, ಅದೇ ಪ್ರಬಂಧ, ಅದೇ ಅಧ್ಯಾಪಕರ ಪತ್ರ. ಒಂದು ಕಡೆ ಯಾವ ಕೊರತೆಯಿಂದ ತಿರಸ್ಕೃತವಾಯಿತೋ ಅದೇ ಕೊರತೆಯು ಮಿಕ್ಕ ಕಡೆಗಳಲ್ಲಿಯೂ ಕಾದಿರುತ್ತದೆ. ಎಲ್ಲರೂ ಇಪ್ಪತ್ತು ಕಡೆ ಹಾಕತೊಡಗಿದ್ದರಿಂದಲೇ ಅರ್ಜಿಗಳು ಬೆಟ್ಟದಷ್ಟು ಬೆಳೆದು ಶೇಕಡಾ ಅಂಕಿಗಳು ಕುಸಿದಿವೆ; ಸೀಟುಗಳು ಆ ಪ್ರಮಾಣದಲ್ಲಿ ಬೆಳೆದಿಲ್ಲ.

ಈಗ ಹಣದ ಮಾತಿಗೆ ಬರೋಣ. ಇದನ್ನು ನಾವು ತುಸು ವಿಸ್ತರಿಸಿಯೇ ಬರೆಯಬೇಕಾಗಿದೆ.

2024–25ನೆಯ ಸಾಲಿನಲ್ಲಿ ಹಾರ್ವರ್ಡಿನಲ್ಲಿ ಬೋಧನಾ ಶುಲ್ಕ, ವಸತಿ, ಊಟ ಮುಂತಾದವೆಲ್ಲ ಸೇರಿ ಒಂದು ವರ್ಷಕ್ಕೆ 82,866 ಡಾಲರುಗಳಾಗುತ್ತಿದ್ದವು. ನಮ್ಮ ಹಣದಲ್ಲಿ ಎಪ್ಪತ್ತು ಲಕ್ಷ ರೂಪಾಯಿಗಳ ಹತ್ತಿರ. ನಾಲ್ಕು ವರ್ಷಕ್ಕೆ ಎರಡು ಮುಕ್ಕಾಲು ಕೋಟಿಗೂ ಮೇಲೆ. ಇಷ್ಟನ್ನು ಕೊಡಬಲ್ಲ ಕುಟುಂಬಗಳು ಈ ಜಿಲ್ಲೆಗಳಲ್ಲಿ ಎಷ್ಟಿವೆ? ಆದರೆ ಇಲ್ಲಿಯೇ ಒಂದು ವಿಚಿತ್ರವಿದೆ. ಪ್ರವೇಶ ಕೊಡುವಾಗ ಅಭ್ಯರ್ಥಿಯ ಬಡತನ ಸಿರಿತನಗಳನ್ನು ನೋಡುವುದಿಲ್ಲವೆಂದೂ, ಪ್ರವೇಶ ಕೊಟ್ಟಮೇಲೆ ಕುಟುಂಬಕ್ಕೆ ಎಷ್ಟು ಕೊರತೆಯೋ ಅಷ್ಟನ್ನೂ ತಾವೇ ತುಂಬಿಕೊಡುವೆವೆಂದೂ ಕೆಲವು ಸಂಸ್ಥೆಗಳು ವಿದೇಶೀಯರಿಗೂ ಸೇರಿಸಿ ಮಾತು ಕೊಟ್ಟಿವೆ. ಹಾರ್ವರ್ಡು, ಯೇಲು, ಪ್ರಿನ್ಸ್‌ಟನ್ನು, ಎಂ.ಐ.ಟಿ., ಆಮ್‌ಹರ್ಸ್ಟ್ ಕಾಲೇಜು, ಇವು ಹಿಂದಿನಿಂದಲೂ ಈ ಪದ್ಧತಿಯವು. 2022ರಲ್ಲಿ ಡಾರ್ಟ್‌ಮತ್ತೂ ಬೋಡನ್ನೂ ಸೇರಿದವು. ಆ ಬಳಿಕ ಬ್ರೌನು, ನೋಟರ್‌ಡೇಮು ಮೊದಲಾದವು ಬಂದವು. ಆ ವಿಶಾಲ ದೇಶದ ಸಾವಿರಾರು ಕಾಲೇಜುಗಳಲ್ಲಿ ಇಂಥವು ಬೆರಳೆಣಿಕೆಯವೆಂದು ತಿಳಿಯಬೇಕು. 2025–26ರಿಂದ ಹಾರ್ವರ್ಡಿನಲ್ಲಿ, ವರ್ಷಕ್ಕೆ ಒಂದು ಲಕ್ಷ ಡಾಲರಿನವರೆಗೆ ವರಮಾನವೂ ಅದಕ್ಕೆ ತಕ್ಕ ಸಾಧಾರಣ ಆಸ್ತಿಯೂ ಇರುವ ಕುಟುಂಬದ ವಿದ್ಯಾರ್ಥಿಯಿಂದ ಬೋಧನೆಗಾಗಲಿ ಊಟ ವಸತಿಗಾಗಲಿ ಏನನ್ನೂ ತೆಗೆದುಕೊಳ್ಳುವುದಿಲ್ಲವೆಂದು ಗೊತ್ತುಮಾಡಲಾಗಿದೆ. ಒಂದು ಲಕ್ಷ ಡಾಲರೆಂದರೆ ಎಂಬತ್ತೈದು ಲಕ್ಷ ರೂಪಾಯಿಗೂ ಮೇಲೆ. ನಮ್ಮ ಸರಕಾರೀ ನೌಕರರಲ್ಲಿ ಯಾರ ಸಂಬಳವೂ ಅದರ ಸಮೀಪಕ್ಕೆ ಬರುವುದಿಲ್ಲ. ಎಂದರೆ, ಪ್ರವೇಶ ದೊರೆತದ್ದೇ ಆದರೆ, ಎಲ್ಲಕ್ಕಿಂತ ದುಬಾರಿಯೆಂದು ಹೆಸರಾದ ಕಾಲೇಜೇ ಅಧ್ಯಾಪಕರ ಮಗನಿಗೆ ಎಲ್ಲಕ್ಕಿಂತ ಅಗ್ಗವಾಗುತ್ತದೆ.

ಆ ಹತ್ತಾರು ಸಂಸ್ಥೆಗಳನ್ನು ದಾಟಿದೊಡನೆ ದೃಶ್ಯ ಬದಲಾಗುತ್ತದೆ. ಸ್ಟ್ಯಾನ್‌ಫರ್ಡು, ಕೊಲಂಬಿಯಾ, ಪೆನ್ಸಿಲ್ವೇನಿಯಾ, ಕಾರ್ನೆಲ್, ಇವುಗಳೂ ಹೆಸರಿನಲ್ಲಿ ಕಡಮೆಯವಲ್ಲ. ಆದರೆ ವಿದೇಶೀಯನು ಧನಸಹಾಯ ಬೇಕೆಂದು ಅರ್ಜಿಯಲ್ಲಿ ಗುರುತು ಹಾಕಿದರೆ, ಆ ಗುರುತನ್ನು ನೋಡಿಯೇ ಅವನ ಅರ್ಜಿಯನ್ನು ತೂಗುವರು. ಇದನ್ನು ಅವರು ಮುಚ್ಚಿಡುವುದಿಲ್ಲ. ವಿದೇಶೀಯರ ಸಹಾಯಕ್ಕೆಂದು ಇರುವ ಹಣ ಪರಿಮಿತ. ಅದನ್ನು ಕೇಳುವವರು ಅಪರಿಮಿತ. ಆದಕಾರಣ ಒಂದೇ ವಿಶ್ವವಿದ್ಯಾನಿಲಯಕ್ಕೆ ಒಂದೇ ಮಾರ್ಕು ಪಡೆದ ಇಬ್ಬರು ಭಾರತೀಯರು ಅರ್ಜಿ ಹಾಕಿದಾಗ, ಪೂರ್ಣ ಖರ್ಚನ್ನು ಕೊಡಬಲ್ಲೆನೆಂದವನ ಸಂಭವ ಬೇರೆ, ಸಹಾಯ ಬೇಕೆಂದವನದು ಬೇರೆ. ಪತ್ರಿಕೆಗಳಲ್ಲಿ ಬರುವ ಒಂದೇ ಶೇಕಡಾ ಅಂಕಿಯಲ್ಲಿ ಇವರಿಬ್ಬರೂ ಕಲಸಿಹೋಗಿರುತ್ತಾರೆ.

ಇದನ್ನರಿತ ಕೆಲವು ಸಲಹೆಗಾರರು ಒಂದು ಉಪಾಯ ಹೇಳಿಕೊಡುತ್ತಾರೆ: “ಈಗ ಸಹಾಯ ಬೇಡವೆಂದು ಬರೆಯಿರಿ, ಛಾನ್ಸು ಹೆಚ್ಚುತ್ತದೆ, ಒಳಗೆ ಹೋದಮೇಲೆ ಕೇಳಿಕೊಂಡರಾಯಿತು.” ಈ ಮಾತನ್ನು ನಂಬಿದವರ ಗತಿ ಶೋಚನೀಯ. ಉದಾಹರಣೆಗೆ ಸ್ಟ್ಯಾನ್‌ಫರ್ಡಿನ ನಿಯಮದಂತೆ, ಪ್ರವೇಶದ ಕಾಲದಲ್ಲಿ ಸಹಾಯ ಕೇಳದ ವಿದೇಶೀಯನು ಆಮೇಲೆ ನಾಲ್ಕು ವರ್ಷಗಳಲ್ಲಿ ಎಂದೂ ಕೇಳುವಂತಿಲ್ಲ. ಮೊದಲ ವರ್ಷದ ಶುಲ್ಕವನ್ನು ಹೇಗೋ ಹೊಂದಿಸಿ ಮಗನನ್ನು ಹಡಗಿನಂಥ ವಿಮಾನಕ್ಕೆ ಹತ್ತಿಸಿದ ತಂದೆಯು ಎರಡನೆಯ ವರ್ಷ ಯಾರ ಬಾಗಿಲಿಗೆ ಹೋಗಬೇಕು? ನಮ್ಮ ಬ್ಯಾಂಕುಗಳು ಏಳೂವರೆ ಲಕ್ಷ ಮೀರಿದ ವಿದ್ಯಾಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆಯನ್ನು ಬಲ್ಲ ನಮ್ಮ ಹಿರಿಯರೇ, ಮಗನ ವಿಷಯ ಬಂದಾಗ ಹಾಸಿಗೆಯನ್ನೇ ಮಾರಿ ಕಾಲು ಚಾಚುತ್ತಿರುವುದನ್ನು ಕಾಣುತ್ತೇವೆ.

ಹಣದ ವಿಚಾರ ಸ್ಪಷ್ಟವಾದ ಮೇಲೆ ಅರ್ಜಿಯ ಕಾಗದಗಳ ವಿಚಾರ. ಇಲ್ಲಿ ನಮ್ಮ ಪಿ.ಯು.ಸಿ. ಹುಡುಗನಿಗೆ ಆಗುವ ನಷ್ಟವನ್ನು ಬಹುಮಂದಿ ಗಮನಿಸಿಲ್ಲ. ಆ ವಿಶ್ವವಿದ್ಯಾನಿಲಯಗಳು ಒಂಬತ್ತನೆಯ ತರಗತಿಯಿಂದ ಹನ್ನೆರಡನೆಯದರವರೆಗೆ ನಾಲ್ಕು ವರ್ಷಗಳ ಮಾರ್ಕುಗಳನ್ನು ಕೇಳುತ್ತವೆ; ಹುಡುಗನನ್ನು ಚೆನ್ನಾಗಿ ಬಲ್ಲ ಅಧ್ಯಾಪಕರ ಪತ್ರಗಳನ್ನು ಕೇಳುತ್ತವೆ; ಶಾಲೆಯ ಕಡೆಯಿಂದ ಒಂದು ಪ್ರತ್ಯೇಕ ವರದಿಯನ್ನೂ, ಶಾಲೆ ಎಂಥದೆಂಬ ವಿವರವನ್ನೂ ಕೇಳುತ್ತವೆ. ನಮ್ಮಲ್ಲಿಯಾದರೋ ಹತ್ತನೆಯ ತರಗತಿಯಾದೊಡನೆ ಹುಡುಗನು ಹೈಸ್ಕೂಲನ್ನು ಬಿಟ್ಟು ಜೂನಿಯರ್ ಕಾಲೇಜಿಗೆ ಸೇರುತ್ತಾನೆ. ಅಲ್ಲಿ ಎಷ್ಟೋ ವೇಳೆ ತರಗತಿಯೊಂದರಲ್ಲಿ ನೂರಕ್ಕೂ ಹೆಚ್ಚು ಹುಡುಗರು. ಬೆಳಗ್ಗೆ ಸಿ.ಇ.ಟಿ.ಯ ಪಾಠ, ಸಂಜೆ ಜೆ.ಇ.ಇ.ಯ ಪಾಠ, ಆಟದ ಪೀರಿಯಡ್ಡು ವೇಳಾಪಟ್ಟಿಯಲ್ಲಿ ಮಾತ್ರ ಉಂಟು. ಎರಡೇ ವರ್ಷಗಳಲ್ಲಿ ಉಪನ್ಯಾಸಕರಿಗೆ ಹುಡುಗನ ಹೆಸರು ತಿಳಿದಿದ್ದರೆ ಅದೇ ದೊಡ್ಡದು. ಪತ್ರ ಬರೆದುಕೊಡಿರೆಂದು ಕೈಮುಗಿದರೆ, ಟೈಪು ಮಾಡಿಟ್ಟ ನಡತೆಯ ಸರ್ಟಿಫಿಕೇಟಿನಲ್ಲಿ ಹೆಸರು ತುಂಬಿ, ಈತನ ನಡತೆ ನಮಗೆ ತಿಳಿದಮಟ್ಟಿಗೆ ಒಳ್ಳೆಯದೆಂದು ಮೊಹರು ಹಾಕಿ ಕೊಡುತ್ತಾರೆ. ಬೆಂಗಳೂರಿನ ಅಂತರರಾಷ್ಟ್ರೀಯ ಶಾಲೆಯಲ್ಲಿ ಓದಿದ ಹುಡುಗನಿಗೆ, ಇದೇ ಕೆಲಸಕ್ಕೆಂದು ಸಂಬಳ ಕೊಟ್ಟು ಇಟ್ಟಿರುವ ಸಲಹಾಧಿಕಾರಿಯು ಎರಡು ಪುಟದ ಪತ್ರವನ್ನು ಸಿದ್ಧಪಡಿಸಿರುತ್ತಾನೆ. ಕೇಂಬ್ರಿಡ್ಜ್ ಎಂಬ ಮ್ಯಾಸಚುಸೆಟ್ಸಿನ ಊರಿನಲ್ಲಿ ಕುಳಿತು ಎರಡು ಕಡತಗಳನ್ನೂ ಓದುವ ಅಧಿಕಾರಿಗೆ, ಒಂದರಲ್ಲಿ ಒಬ್ಬ ಮನುಷ್ಯನು ಕಾಣುತ್ತಾನೆ. ಇನ್ನೊಂದರಲ್ಲಿ ಮೊಹರು ಕಾಣುತ್ತದೆ.

ಇದಕ್ಕೆ ಪರಿಹಾರ ನಮ್ಮ ಉಪನ್ಯಾಸಕ ಮಹಾಶಯರ ಕೈಯಲ್ಲಿಯೇ ಇದೆ, ಅದಕ್ಕೆ ಕಾಸಿನ ಖರ್ಚೂ ಇಲ್ಲ. ಹುಡುಗನು ಬುದ್ಧಿವಂತ, ವಿನಯಶೀಲ ಎಂಬ ವಿಶೇಷಣಗಳ ಮಾಲೆ ಬೇಡ. ಪ್ರಯೋಗಶಾಲೆಯಲ್ಲಿ ತನ್ನ ಬ್ಯೂರೆಟ್ಟಿನ ಅಳತೆ ಎರಡು ಸಲ ಸರಿಹೊಂದದೆ ಹೋದಾಗ, ಪಕ್ಕದವನ ಲೆಕ್ಕವನ್ನು ನಕಲು ಮಾಡದೆ, ಗಂಟೆ ಹೊಡೆದ ಮೇಲೂ ನಿಂತು ಮೂರನೆಯ ಸಲ ಮಾಡಿದನೆಂಬ ಒಂದು ಸಂಗತಿಯನ್ನು ಬರೆದರೆ ಸಾಕು. ಅದು ಸರ್ಟಿಫಿಕೇಟುಗಳ ಕಟ್ಟಿಗಿಂತ ಮೇಲು. ಹಾಗೆಯೇ ಪಠ್ಯೇತರ ಕಾರ್ಯಗಳೆಂದರೆ ಪಿಟೀಲು, ಕುದುರೆ ಸವಾರಿ, ವಿದೇಶದ ಬೇಸಿಗೆ ಶಿಬಿರಗಳೇ ಎಂದು ಭಾವಿಸಿ, ಊರಿನ ಹುಡುಗರು ತಮಗೆ ಬರೆಯಲು ಏನೂ ಇಲ್ಲವೆಂದು ಕುಗ್ಗುತ್ತಾರೆ. ಆ ಏಕರೂಪದ ಅರ್ಜಿಯಲ್ಲಿ ಹತ್ತು ಕಾರ್ಯಗಳಿಗೆ ಜಾಗವಿದ್ದು, ಮನೆಯ ಹೊಣೆಗಾರಿಕೆ ಎಂಬುದೂ ಸಂಬಳದ ದುಡಿಮೆ ಎಂಬುದೂ ಅವುಗಳ ಪೈಕಿ ಅಚ್ಚು ಹಾಕಿದ ವರ್ಗಗಳೇ ಆಗಿವೆ. ತಂದೆಯ ಕಿರಾಣಿ ಅಂಗಡಿಯಲ್ಲಿ ಸಂಜೆಯ ಹೊತ್ತು ಉದ್ರಿ ಲೆಕ್ಕ ಬರೆಯುವವನು ಅದನ್ನು ಧಾರಾಳವಾಗಿ ಬರೆಯಬಹುದು. ಮೂರು ತಿಂಗಳ ಮಟ್ಟಿಗೆ ಹುಟ್ಟಿಸಿದ ಸಮಾಜಸೇವಾ ಸಂಘದ ಅಧ್ಯಕ್ಷ ಪದವಿಗಿಂತ ಇದು ಗೌರವದ ವಿಷಯವೆಂದೇ ನಾವು ಎಣಿಸುತ್ತೇವೆ. ದಿನಕ್ಕೆ ಹತ್ತಾರು ಅರ್ಜಿಗಳನ್ನೋದುವ ಅಧಿಕಾರಿಗಳೂ ಈ ಎರಡರ ವ್ಯತ್ಯಾಸವನ್ನು ಅರಿಯದವರಲ್ಲ. ಪರೀಕ್ಷೆಗಳ ಮಾತೊಂದು ಉಳಿಯಿತು. ಸೋಂಕು ರೋಗದ ಕಾಲದಲ್ಲಿ ಬಿಟ್ಟುಬಿಟ್ಟಿದ್ದ ಸ್ಯಾಟ್ ಮೊದಲಾದ ಪರೀಕ್ಷೆಗಳನ್ನು ಎಂ.ಐ.ಟಿ. 2022ರಲ್ಲಿಯೂ, ಡಾರ್ಟ್‌ಮತ್ತು, ಯೇಲು, ಹಾರ್ವರ್ಡುಗಳು 2024ರಲ್ಲಿಯೂ ಮತ್ತೆ ಕಡ್ಡಾಯ ಮಾಡಿದವು. ಇದು ಹೆಸರಿಲ್ಲದ ಶಾಲೆಯ ಹುಡುಗನಿಗೆ ಅನುಕೂಲವೇ ಸರಿ. ಶಾಲೆಯ ಹೆಸರು ಹೇಳದ್ದನ್ನು ಅವನ ಅಂಕವಾದರೂ ಹೇಳುತ್ತದೆ.

ಸಲಹೆಗಾರರ ವಿಷಯವನ್ನು ಮೇಲೆ ಸೂಚಿಸಿದೆವು. ಅವರಲ್ಲಿ ಯೋಗ್ಯರೂ ಇದ್ದಾರೆ. ಆದರೆ ವಾಚಕರು ಒಂದನ್ನು ತಿಳಿದಿರಬೇಕು. ಅಮೆರಿಕಾದ ಪ್ರವೇಶಾಧಿಕಾರಿಗಳ ಸಂಘವು 2013ರಲ್ಲಿ ತನ್ನ ನಿಯಮಗಳನ್ನು ಸಡಿಲಿಸಿ, ವಿದೇಶೀಯ ವಿದ್ಯಾರ್ಥಿಗಳನ್ನು ತ0ದುಕೊಡುವ ಮಧ್ಯವರ್ತಿಗಳಿಗೆ ಕಾಲೇಜುಗಳು ದಲಾಲಿ ಕೊಡುವುದಕ್ಕೆ ಅವಕಾಶ ಮಾಡಿತು. ದಲಾಲಿ ಕೊಡುವವು ಸೀಟು ತುಂಬಿಸಿಕೊಳ್ಳಬೇಕಾದ ಕಾಲೇಜುಗಳು. ಐವತ್ತು ಸಾವಿರ ಅರ್ಜಿ ಬರುವಲ್ಲಿ ದಲಾಲರ ಅಗತ್ಯವೇನು? ಆದ್ದರಿಂದ ಹಾರ್ವರ್ಡಿನ ಹೆಸರು ಹೇಳಿ ಮುಂಗಡ ಪಡೆದವನು, ಹುಡುಗನನ್ನು ಕಡೆಗೆ ಎಲ್ಲಿಗೆ ಸಾಗಿಸುವನೆಂಬುದನ್ನು ಊಹಿಸುವುದು ಕಷ್ಟವಲ್ಲ. ಪ್ರವೇಶವನ್ನು ಖಚಿತವಾಗಿ ಕೊಡಿಸುವೆನೆಂದು ಹೇಳಿ ಹಾಗೆಯೇ ಕೊಡಿಸುತ್ತಿದ್ದವನು ಅಮೆರಿಕಾದಲ್ಲಿ ಒಬ್ಬನಿದ್ದನು. ಆಟವನ್ನೇ ಆಡದ ಹುಡುಗರನ್ನು ಆಟಗಾರರೆಂದು ತೋರಿಸಿ, ತರಬೇತುದಾರರಿಗೆ ಲಂಚ ಕೊಟ್ಟು ಕೆಲಸ ಸಾಧಿಸುತ್ತಿದ್ದನು. 2019ರ ಮಾರ್ಚಿಯಲ್ಲಿ ಆ ಪ್ರಕರಣ ಹೊರಬಿದ್ದು, 2023ರ ಜನವರಿಯಲ್ಲಿ ಆತನಿಗೆ ಮೂರೂವರೆ ವರ್ಷದ ಸೆರೆಯಾಯಿತು.

ಇಷ್ಟೆಲ್ಲ ಕೂಡಿಬಂದರೂ ರಾಜಕೀಯವೆಂಬುದೊಂದು ಇದೆ. ಅಮೆರಿಕಾದ ವೀಸಾ ಕಾನೂನು, ಬರುವ ವಿದ್ಯಾರ್ಥಿಯು ಅಲ್ಲಿಯೇ ನೆಲಸಲು ಬರುವವನೆಂದು ಮೊದಲು ಭಾವಿಸುತ್ತದೆ. ಅಲ್ಲವೆಂದು ಸಾಧಿಸುವ ಹೊಣೆ ಅವನದೇ. 2025ರ ಮೇ 22ರಂದು ಆ ದೇಶದ ಸರಕಾರವು ವಿದೇಶೀಯ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಹಾರ್ವರ್ಡಿನ ಅಧಿಕಾರವನ್ನೇ ರದ್ದುಮಾಡಿತು; ಮರುದಿನವೇ ನ್ಯಾಯಾಧೀಶರು ಅದಕ್ಕೆ ತಡೆ ಕೊಟ್ಟರು. ಅದೇ ತಿಂಗಳ ಕೊನೆಯಿಂದ ಜೂನ್ ಮಧ್ಯದವರೆಗೆ ಹೊಸ ವಿದ್ಯಾರ್ಥಿ ವೀಸಾಗಳ ಸಂದರ್ಶನ ನಿಗದಿಯೇ ನಿಂತಿತ್ತು. ಅಕ್ಟೋಬರ್ 1ರಂದು ಒಂಬತ್ತು ವಿಶ್ವವಿದ್ಯಾನಿಲಯಗಳಿಗೆ ಕಳುಹಿಸಿದ ಕರಾರಿನಲ್ಲಿ, ಪದವಿ ತರಗತಿಗಳಲ್ಲಿ ವಿದೇಶೀಯರು ನೂರಕ್ಕೆ ಹದಿನೈದನ್ನೂ, ಯಾವುದೇ ಒಂದು ದೇಶದವರು ನೂರಕ್ಕೆ ಐದನ್ನೂ ಮೀರಕೂಡದೆಂಬ ಷರತ್ತಿತ್ತು. ಎಂ.ಐ.ಟಿ. ಮೊದಲು ನಿರಾಕರಿಸಿತು. ನಿರಾಕರಿಸಿದ್ದು ಸ್ತುತ್ಯವೇ, ಆದರೂ ಇಂಥ ಷರತ್ತೊಂದು ಮೇಜಿನ ಮೇಲೆ ಬಂದಿತೆಂಬುದನ್ನು, ಭಾರತ ಚೀನಗಳಂಥ ದೊಡ್ಡ ದೇಶಗಳ ತಂದೆತಾಯಿಗಳು ಲೆಕ್ಕಕ್ಕೆ ಹಿಡಿಯದೆ ಇರಲಾಗದು.

ಹಾಗಾದರೆ ಹೋಗಲೇಬಾರದೆಂದು ನಾವು ಹೇಳುತ್ತಿದ್ದೇವೆಯೇ? ಇಲ್ಲ. ಯಾವಾಗ ಹೋಗಬೇಕು ಎಂಬುದೇ ಪ್ರಶ್ನೆ. 2023–24ರಲ್ಲಿ ಅಮೆರಿಕಾದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602. ಅವರಲ್ಲಿ ಮೊದಲ ಪದವಿಗೆ ಓದುತ್ತಿದ್ದವರು 36,053 ಮಾತ್ರ, ಮೇಲಣ ಪದವಿಗಳಿಗೆ ಓದುತ್ತಿದ್ದವರು 1,96,567. ಸಂಶೋಧನೆಯ ಪದವಿಗೆ ಹೋಗುವವನನ್ನು ಆರಿಸುವವರು ಆಯಾ ಶಾಸ್ತ್ರದ ಪ್ರಾಧ್ಯಾಪಕರೇ. ಆಯ್ಕೆಯಾದವನಿಗೆ ಶುಲ್ಕವನ್ನು ಬಿಟ್ಟು ಜೀವನಕ್ಕೂ ಕೊಡುವುದು ಅಲ್ಲಿ ಸಾಮಾನ್ಯ. ಬೆಂಗಳೂರಿನ ರೊದ್ದಂ ನರಸಿಂಹ ಅವರು ಇಲ್ಲಿ ಓದಿ ಮುಗಿಸಿದ ಮೇಲೆ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಗೆ ಹೋಗಿ 1961ರಲ್ಲಿ ಡಾಕ್ಟರೇಟು ಪಡೆದರು. ಮೈಸೂರಿನ ಎ. ಕೆ. ರಾಮಾನುಜನ್ ಅವರು ಇಂಡಿಯಾನಾದಲ್ಲಿ 1963ರಲ್ಲಿ ಪಡೆದರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಪದವಿ ಪಡೆದ ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನದ ಮೇಲೆ 1960ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಈ ಮೂವರೂ ಮೊದಲ ಪದವಿಯನ್ನು ಪಡೆದದ್ದು ಇದೇ ನೆಲದ ಕಾಲೇಜುಗಳಲ್ಲಿ. ಪರಿಶಿಷ್ಟ ಜಾತಿ ಮೊದಲಾದ ವರ್ಗಗಳ ವಿದ್ಯಾರ್ಥಿಗಳಿಗೆ ಕೇಂದ್ರ ಸರಕಾರವು ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಎಂ.ಎ., ಎಂ.ಎಸ್‌ಸಿ. ಮಟ್ಟದ ಮತ್ತು ಡಾಕ್ಟರೇಟಿನ ವ್ಯಾಸಂಗಕ್ಕೆ ಮಾತ್ರ ದೊರೆಯತಕ್ಕದ್ದು. ಹದಿನೆಂಟರ ಹುಡುಗನಿಗೆ ಅದು ಒದಗದು. ಇಂಗ್ಲೆಂಡಿನ ಆಕ್ಸ್‌ಫರ್ಡು, ಕೇಂಬ್ರಿಡ್ಜುಗಳಲ್ಲಿ ಮೊದಲ ಪದವಿಗೇ ಹೋಗಬಯಸುವವರಿಗೆ ಒಂದು ಮಾತು: ಅಲ್ಲಿ ಹುಡುಗನು ಆರಿಸಿಕೊಂಡ ವಿಷಯದ ಅಧ್ಯಾಪಕರೇ ಸಂದರ್ಶನ ಮಾಡಿ ನಿರ್ಣಯಿಸುತ್ತಾರೆ, ತಬಲ, ಪಿಟೀಲುಗಳ ಪ್ರಸ್ತಾಪ ಅಷ್ಟಾಗಿ ಬರುವುದಿಲ್ಲ. ಒಂದೇ ವಿಷಯದಲ್ಲಿ ಮುಳುಗಿ ಓದುವ ನಮ್ಮ ಹುಡುಗರಿಗೆ ಇದು ಹೆಚ್ಚು ಒಗ್ಗೀತು. ಧನಸಹಾಯದ ವಿಷಯದಲ್ಲಿ ಮಾತ್ರ ವಿದೇಶೀಯರಿಗೆ ಅಲ್ಲಿ ಬಿಗಿ ಹೆಚ್ಚು. ಎರಡಕ್ಕೂ ಒಂದೇ ವರ್ಷ ಅರ್ಜಿ ಹಾಕಕೂಡದೆಂಬ ನಿಯಮವೂ ಇದೆ.

ಇಂಗ್ಲೆಂಡಿನ ಆ ಎರಡು ವಿಶ್ವವಿದ್ಯಾನಿಲಯಗಳ ಗಡುವು ಅಕ್ಟೋಬರ್ 15. ಅಮೆರಿಕಾದ ಮುಂಗಡ ಅರ್ಜಿಗಳಿಗೆ ಸಾಮಾನ್ಯವಾಗಿ ನವೆಂಬರ್ 1, ಉಳಿದವಕ್ಕೆ ಜನವರಿಯ ಮೊದಲ ದಿನಗಳು. ಈ ವರ್ಷ ಅರ್ಜಿ ಹಾಕಬೇಕೆಂದಿರುವವರ ತಂದೆತಾಯಿಗಳು ಯಾವ ಸಲಹೆಗಾರನ ಬಾಗಿಲಿಗೂ ಹೋಗುವ ಮುನ್ನ, ಕಳೆದ ವರ್ಷದ ವರಮಾನ ತೆರಿಗೆಯ ಕಾಗದವನ್ನೂ, ಆಸ್ತಿ ಸಾಲಗಳ ವಿವರವನ್ನೂ ಮುಂದಿಟ್ಟುಕೊಂಡು ಒಂದು ಸಂಜೆ ಮಗನೊಡನೆ ಕುಳಿತುಕೊಳ್ಳಲಿ. ಕುಟುಂಬವು ತಾನೇ ಎಷ್ಟು ಕೊಡಬೇಕಾದೀತೆಂದು ತೋರಿಸುವ ಲೆಕ್ಕದ ಸಾಧನವನ್ನು ಹಲವು ವಿಶ್ವವಿದ್ಯಾನಿಲಯಗಳು ತಮ್ಮ ಅಂತರ್ಜಾಲ ತಾಣಗಳಲ್ಲಿ ಬಿಟ್ಟಿಯಾಗಿ ಇಟ್ಟಿವೆ. ಅರ್ಧ ಗಂಟೆಯ ಕೆಲಸ. ಅಲ್ಲಿ ಕಾಣುವ ಮೊತ್ತವನ್ನು ಒಂದು ಹಾಳೆಯ ಮೇಲೆ ಬರೆದುಕೊಂಡ ಬಳಿಕ, ಅದರ ಕೆಳಗೆ ಕಾಲೇಜುಗಳ ಹೆಸರನ್ನು ಬರೆಯಲು ತೊಡಗಬಹುದು.